ಬಾಯಿಬಡುಕಿ, ಮಾತುಗಾರ, ವಸಪಿಟ್ಟ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಚಿಂತಾಮಣಿ ಕಡೆಯವಳು. ನಮ್ಮದು ಮನೆಯೊಳಗೆ ತೆಲುಗು, ಬೀದಿಗೆ ಬಂದರೆ ಕನ್ನಡ. ಚಿಕ್ಕಂದಿನಲ್ಲಿ ನನ್ನ ಬಾಯಿ ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಶಾಲೆಯಲ್ಲಿ ಬಾಯಿಬಡುಕಿ ಅಂದರು. ಅಜ್ಜಿ ಮಾತ್ರ ‘ಏಮೇ ವಸಪಿಟ್ಟಾ’ ಅಂತ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. ಮೊದಲನೆಯ ಮಾತಿಗೆ ಅಳು ಬರುತ್ತಿತ್ತು, ಎರಡನೆಯದಕ್ಕೆ ಇನ್ನಷ್ಟು ಮಾತು ಬರುತ್ತಿತ್ತು.

ಬಾಯಿಬಡುಕ ಅನ್ನುವುದರಲ್ಲಿ ‘ಬಡಿ’ ಇದೆ. ಸದ್ದು ಜಾಸ್ತಿ, ಹುರುಳಿಲ್ಲ ಅನ್ನುವ ತೀರ್ಪು ಪದದೊಳಗೇ ಕೂತಿದೆ. ಅದೇ ‘ಮಾತು’ ಜೊತೆ ‘ಗಾರ’ ಸೇರಿಸಿ ನೋಡಿ. ಬಳೆಗಾರ, ಹಾಡುಗಾರ, ಮಾತುಗಾರ. ಆಗ ಮಾತೂ ಒಂದು ಕಸುಬು. ಇನ್ನು ಮಾತಿನಮಲ್ಲ ಅಂದರೆ ಗರಡಿಮನೆಯೇ ಕಣ್ಣಿಗೆ ಕಟ್ಟುತ್ತದೆ, ಅಲ್ವಾ? ಎದುರಾಳಿಯನ್ನು ಮಾತಲ್ಲೇ ಚಿತ್ ಮಾಡುವವನು.

ಸಂಸ್ಕೃತದಿಂದ ಬಂದ ವಾಗ್ಮಿ, ವಾಚಾಳಿ ಎರಡಕ್ಕೂ ಬೇರು ಒಂದೇ, ‘ವಾಚ್’. ಪಾಣಿನಿಯ ಸಂಸ್ಕೃತ ವ್ಯಾಕರಣ ಅಷ್ಟಾಧ್ಯಾಯಿಯಲ್ಲಿ ಇವರು ಅಕ್ಕಪಕ್ಕದ ಮನೆಯವರು. 5ನೇ ಅಧ್ಯಾಯ, 2ನೇ ಪಾದದ 124ನೇ ಸೂತ್ರ ಚೆನ್ನಾಗಿ ಮಾತಾಡುವ ವಾಗ್ಮಿಯದು. 125ನೆಯದು ಸುಮ್ನೆ ಜಾಸ್ತಿ ಮಾತಾಡುವ ‘ವಾಚಾಲ’ನದು. ಅವನೇ ನಮ್ಮ ವಾಚಾಳಿ.

ಗಯ್ಯಾಳಿ ಪದ ಮಾತ್ರ ನನಗೆ ಹಿಡಿಸುವುದಿಲ್ಲ. ಸಂತೆಯಲ್ಲಿ ತೂಕಕ್ಕಾಗಿ ಜಗಳ ತೆಗೆದ ಗಂಡಸು ‘ಜೋರಿನ ಆಸಾಮಿ’. ಅದೇ ಜಗಳ ಹೆಂಗಸು ತೆಗೆದರೆ ಗಯ್ಯಾಳಿ.

ಈಗ ಅಜ್ಜಿಯ ವಸಪಿಟ್ಟಕ್ಕೆ ಬರುತ್ತೇನೆ. ತೆಲುಗಿನಲ್ಲಿ ಪಿಟ್ಟ ಅಂದರೆ ಹಕ್ಕಿ. ವಸ ಅಂದರೆ ನಮ್ಮ ಬಜೆ. ಸಂಸ್ಕೃತದಲ್ಲಿ ಇದೇ ಬೇರಿಗೆ ವಚಾ ಅನ್ನುತ್ತಾರೆ. ಕೂಸಿಗೆ ಮಾತು ಚೆನ್ನಾಗಿ ಬರಲಿ ಅಂತ ಬಜೆ ತೇಯ್ದು ನಾಲಿಗೆಗೆ ಸವರುವ ರೂಢಿ ನಮ್ಮ ಕಡೆ ಇತ್ತು. ತಮ್ಮ ಹುಟ್ಟಿದಾಗ ನಾನೇ ನೋಡಿದ್ದೇನೆ. ಅಜ್ಜಿ ಒಣಗಿದ ಬೇರನ್ನು ದೀಪದ ಕುಡಿಯಲ್ಲಿ ಸುಟ್ಟು, ಸಾಣೆಕಲ್ಲಿನ ಮೇಲೆ ಎರಡು ಹನಿ ಎದೆಹಾಲು ಬಿಟ್ಟು ತೇಯುತ್ತಿದ್ದಳು. ಕಿರುಬೆರಳಿನ ತುದಿಗೆ ಹತ್ತುವಷ್ಟು ಕಪ್ಪು ಗಂಧ, ಅಷ್ಟೇ. ನಾಲಿಗೆಗೆ ತಾಗಿದ ಕೂಡಲೇ ಅವನ ಮುಖ ಕಿವುಚಿಹೋಗುತ್ತಿತ್ತು. ಆ ಬಜೆಯನ್ನು ಹೊಟ್ಟೆ ತುಂಬ ತಿಂದ ಹಕ್ಕಿಯೇ ವಸಪಿಟ್ಟ. ಮಾತು ಜಾಸ್ತಿ ಆಯಿತು ಅಂತಲೂ ಹೇಳಬೇಕು, ಮಗುವಿನ ಮನಸ್ಸೂ ನೋಯಬಾರದು. ಎರಡನ್ನೂ ಒಂದೇ ಪದದಲ್ಲಿ ಇಟ್ಟವರು ಯಾರೋ ತಾಯಂದಿರೇ ಇರಬೇಕು.

ಮೊನ್ನೆ ಅಣ್ಣನ ಮೊಮ್ಮಗಳು ಒಂದೇ ಉಸಿರಿಗೆ ಶಾಲೆಯ ಕತೆ ಹೇಳುತ್ತಿದ್ದಳು. ‘ಏಮೇ ವಸಪಿಟ್ಟಾ’ ಅಂದೆ. ‘ಹಂಗಂದ್ರೇನಜ್ಜಿ?’ ಅಂದಳು. ಗ್ರಂಥಿಗೆ ಅಂಗಡಿಗೆ ಕರೆದುಕೊಂಡು ಹೋಗಿ ಒಂದು ತುಂಡು ಬಜೆ ಕೈಗಿಟ್ಟೆ. ಮೂಸಿ ನೋಡಿ ಮೂಗು ಮುರಿದಳು. ಆದರೂ ಬಿಡಲಿಲ್ಲ. ಮನೆ ಸೇರುವ ತನಕ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮಾತಾಡುತ್ತಲೇ ಬಂದಳು.

ನಮಸ್ಕಾರ.