ಬೆನ್ನುಡಿಯಲ್ಲಿ ಯಾರ ಮಾತು?

ಕೇಳುಗರಿಗೆ ನಮಸ್ಕಾರ.

ಮಕ್ಕಳ ಪುಸ್ತಕಗಳನ್ನು ಮಾತ್ರ ಪ್ರಕಟಿಸುವ ಒಂದು ಚಿಕ್ಕ ಪ್ರಕಾಶನದಲ್ಲಿ ನಾನು ಸಂಪಾದಕಿಯಾಗಿ ಕೆಲಸ ಮಾಡುತ್ತೇನೆ. ಚಿಕ್ಕದು ಎಂದರೆ ನಿಜಕ್ಕೂ ಚಿಕ್ಕದು. ಹಸ್ತಪ್ರತಿ ಓದುವವರು, ಕರಡು ತಿದ್ದುವವರು, ಕಟ್ಟು ಕಟ್ಟಿ ಅಂಚೆಗೆ ಹಾಕುವವರು ಎಲ್ಲರೂ ಸೇರಿ ನಾವು ಮೂವರು. ಹೊಸ ಪುಸ್ತಕಗಳು ಅಚ್ಚಾಗಿ ಬಂದು, ಗೌರವ ಪ್ರತಿಗಳು ಸೇರಬೇಕಾದವರನ್ನು ಸೇರಿದ ಮೇಲೆ ಮೂರು ನಾಲ್ಕು ವಾರ ನಮ್ಮ ಕೋಣೆಯಲ್ಲಿ ಯಾರೂ ಹೆಚ್ಚು ಮಾತನಾಡುವುದಿಲ್ಲ. ಎರಡು ವರ್ಷ ದುಡಿದು ತಂದ ಪುಸ್ತಕ ಈಗ ಎಲ್ಲೋ ಒಂದು ಮನೆಯಲ್ಲಿ, ನಮಗೆ ಕಾಣದ ಒಂದು ಮಗುವಿನ ಮಡಿಲಲ್ಲಿ ಇರಬಹುದು, ಅಥವಾ ಕಟ್ಟು ಬಿಚ್ಚದೆ ಮೂಲೆಯಲ್ಲಿ ಬಿದ್ದಿರಬಹುದು. ಆಮೇಲೆ ಒಂದು ದಿನ ಮೊದಲ ಪತ್ರ ಬರುತ್ತದೆ. ಆ ಪತ್ರವನ್ನು ನಾವು ಮೂವರೂ ಸರದಿಯಂತೆ ಓದುತ್ತೇವೆ, ಓದಿದ ಮೇಲೆ ಇನ್ನೊಮ್ಮೆ ಗಟ್ಟಿಯಾಗಿ ಓದುತ್ತೇವೆ.

ಈ ಸಲ ನಾವು ಮೂರು ಪುಸ್ತಕಗಳನ್ನು ತಂದೆವು. ಒಂದು, ನಿದ್ದೆ ಬಾರದ ರಾತ್ರಿಯಲ್ಲಿ ಮಗುವೊಂದು ಮನೆಯೊಳಗಿನ ಸದ್ದುಗಳನ್ನು ಒಂದೊಂದಾಗಿ ಗುರುತಿಸುತ್ತಾ ಹೋಗುವ ಚಿತ್ರಪುಸ್ತಕ. ಇನ್ನೊಂದು, ಅಕ್ಷರವೇ ಇಲ್ಲದೆ ಚಿತ್ರಗಳಲ್ಲೇ ಕಥೆ ಸಾಗುವ ಪುಸ್ತಕ. ಮೂರನೆಯದು, ಬೆಳಗಿನಲ್ಲಿ ಉದ್ದವಾಗಿದ್ದ ನೆರಳು ನಡುಹಗಲಿಗೆ ಚಿಕ್ಕದಾಗಿ ಸಂಜೆಗೆ ಮತ್ತೆ ಉದ್ದವಾಗುವುದನ್ನು ಐದಾರು ವರ್ಷದ ಮಕ್ಕಳಿಗೆ ತೋರಿಸಿಕೊಡುವ ಪುಸ್ತಕ. ಅವುಗಳ ಹೆಸರುಗಳನ್ನು ನಾನು ಹೇಳುವುದಿಲ್ಲ, ಏಕೆಂದರೆ ಬಾನುಲಿಯ ಈ ಹೊತ್ತು ಮಾರಾಟಕ್ಕೆ ಕೊಟ್ಟದ್ದಲ್ಲ. ಅವುಗಳ ಬಗ್ಗೆ ಬಂದ ಮೆಚ್ಚುಗೆಯ ಮಾತುಗಳಲ್ಲಿ ಯಾವುದನ್ನು ಹೊರಗೆ ಹೇಳಬೇಕು, ಯಾವುದನ್ನು ನಮ್ಮಲ್ಲೇ ಇಟ್ಟುಕೊಳ್ಳಬೇಕು ಎಂದು ನಾವು ಹೇಗೆ ತೀರ್ಮಾನಿಸಿದೆವು ಎಂಬುದನ್ನಷ್ಟೇ ಹೇಳುತ್ತೇನೆ.

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ನಮಗೂ ಗೊತ್ತು. ಪ್ರಕಾಶಕರು ತಮ್ಮ ಪುಸ್ತಕವನ್ನು ತಾವೇ ಹೊಗಳಿದರೆ ಕೇಳುವವರು ಅದಕ್ಕೆ ಬೆಲೆ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಆದರೆ ಬೇರೆಯವರು ಆಡಿದ ಒಳ್ಳೆಯ ಮಾತನ್ನು ನಾಲ್ಕು ಜನಕ್ಕೆ ತಲುಪಿಸುವುದು ನಮ್ಮಂಥವರಿಗೆ ಬೆನ್ನು ತಟ್ಟಿಕೊಳ್ಳುವ ಕೆಲಸವಲ್ಲ, ಪುಸ್ತಕ ಉಳಿಯುವ ದಾರಿ. ಜಾಹೀರಾತಿಗೆ ನಮ್ಮಲ್ಲಿ ಹಣವಿಲ್ಲ. ಪತ್ರಿಕೆಗಳ ಪುಸ್ತಕ ಪರಿಚಯದ ಅಂಕಣಗಳಲ್ಲಿ ಮಕ್ಕಳ ಪುಸ್ತಕಗಳಿಗೆ ಸಿಗುವ ಜಾಗ ತೀರ ಕಡಿಮೆ. ಅಂಗಡಿಯ ಕಪಾಟಿನಲ್ಲಿ ತೆಳ್ಳನೆಯ ಚಿತ್ರಪುಸ್ತಕವನ್ನು ಬೆನ್ನು ಕಾಣುವಂತೆ ಜೋಡಿಸಿದರೆ ಅದು ಇದೆಯೆಂದೇ ಯಾರಿಗೂ ತಿಳಿಯುವುದಿಲ್ಲ. ಹೊಲಿಗೆಯ ಬದಲು ಪಿನ್ ಹೊಡೆದ ಪುಸ್ತಕವಾದರೆ ಹೆಸರು ಬರೆಯಲು ಅದಕ್ಕೆ ಬೆನ್ನೇ ಇರುವುದಿಲ್ಲ. ಇಂಥ ಪುಸ್ತಕ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವುದು ಓದಿದವರ ಬಾಯಿಮಾತಿನಿಂದ ಮಾತ್ರ.

ಮಕ್ಕಳ ಪುಸ್ತಕದ ಮೆಚ್ಚುಗೆಯಲ್ಲಿ ಮೊದಲಿನಿಂದಲೂ ಒಂದು ತೊಡಕಿದೆ. ಓದುವುದು ಮಗು, ಕೊಳ್ಳುವುದು ದೊಡ್ಡವರು. 1744ರಲ್ಲಿ ಲಂಡನ್ನಿನ ಜಾನ್ ನ್ಯೂಬರಿ ಎಂಬ ಪ್ರಕಾಶಕರು ಮಕ್ಕಳಿಗಾಗಿ ಒಂದು ಪುಟ್ಟ ಪುಸ್ತಕವನ್ನು ತಂದರು. ಅದರ ಜೊತೆಗೆ, ಬೇಕೆಂದವರಿಗೆ, ಹುಡುಗರಿಗೆ ಚೆಂಡನ್ನೂ ಹುಡುಗಿಯರಿಗೆ ಗುಂಡುಸೂಜಿ ಚುಚ್ಚಿಡುವ ಮೆತ್ತೆಯನ್ನೂ ಮಾರಿದರು. ಅದೇ ಪುಸ್ತಕದಲ್ಲಿ ತಂದೆತಾಯಿಯರನ್ನೂ ಪೋಷಕರನ್ನೂ ಉದ್ದೇಶಿಸಿ ಬರೆದ ಮಾತುಗಳೂ ಇದ್ದವು. ಚೆಂಡು ಮಗುವಿಗೆ, ಉಪದೇಶ ದೊಡ್ಡವರಿಗೆ. ಮಕ್ಕಳ ಸಾಹಿತ್ಯಕ್ಕೆ ಕೊಡುವ ಹಳೆಯ ಪ್ರಶಸ್ತಿಗಳಲ್ಲೊಂದು 1922ರಿಂದಲೂ ಅವರ ಹೆಸರಿನಲ್ಲಿದೆ. ನ್ಯೂಬರಿಯವರು ಒಂದೇ ಪುಸ್ತಕದಲ್ಲಿ ಇಬ್ಬರನ್ನು ಒಲಿಸಲು ಹೊರಟರಲ್ಲ, ಆ ಇಬ್ಬಂದಿ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಮಗುವಿಗೆ ಇಷ್ಟವಾಗದ ಪುಸ್ತಕವನ್ನು ದೊಡ್ಡವರು ಬಾಯ್ತುಂಬ ಹೊಗಳುತ್ತಾರೆ. ಮಗು ಎಲ್ಲಿಗೆ ಹೋದರೂ ಕಂಕುಳಲ್ಲಿ ಇಟ್ಟುಕೊಂಡು ಹೋಗುವ ಪುಸ್ತಕದ ಬಗ್ಗೆ ಯಾರೂ ಒಂದು ಸಾಲನ್ನೂ ಬರೆಯುವುದಿಲ್ಲ.

ನಮಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ದೊಡ್ಡವರವು. ಅವುಗಳಲ್ಲಿ "ಅದ್ಭುತ", "ಅಮೋಘ", "ಪ್ರತಿಯೊಂದು ಮನೆಯಲ್ಲೂ ಇರಲೇಬೇಕಾದ ಪುಸ್ತಕ" ಎಂಬ ಮಾತುಗಳು ಧಾರಾಳವಾಗಿದ್ದವು. ಬರೆದವರ ಪ್ರೀತಿಯಲ್ಲಿ ನಮಗೆ ಎಳ್ಳಷ್ಟೂ ಸಂದೇಹವಿಲ್ಲ. ಆದರೂ ಆ ಮಾತುಗಳನ್ನು ಯಾವ ಪುಸ್ತಕಕ್ಕೆ ಬೇಕಾದರೂ ಅಂಟಿಸಬಹುದು. ಸದ್ದಿನ ಪುಸ್ತಕದ ಬಗ್ಗೆ ಒಬ್ಬ ತಾಯಿ ಬರೆದದ್ದು ಬೇರೆ ರೀತಿಯದು. ಮಗಳಿಗೆ ಕತ್ತಲೆಂದರೆ ಭಯವಿತ್ತಂತೆ, ಪುಸ್ತಕ ಓದಿದ ಮೇಲೆ ಭಯ ಹೋಗಲಿಲ್ಲವಂತೆ, ಆದರೆ ಈಗ ಅವಳು ಕೂಗಿ ಅಳುವ ಬದಲು, "ಅಮ್ಮಾ, ಇದು ಯಾವ ಸದ್ದು?" ಎಂದು ಕೇಳುತ್ತಾಳಂತೆ. ಈ ಮಾತನ್ನು ನಮ್ಮ ಇನ್ನೊಂದು ಪುಸ್ತಕಕ್ಕೆ ಅಂಟಿಸಲು ಸಾಧ್ಯವಿಲ್ಲ. ಭಯ ಹೋಗಲಿಲ್ಲ ಎಂಬುದನ್ನೂ ಆ ತಾಯಿ ಪ್ರಾಮಾಣಿಕವಾಗಿ ಬರೆದರು. ಆ ಅರ್ಧವನ್ನು ಕತ್ತರಿಸಿ ಉಳಿದರ್ಧವನ್ನು ಮಾತ್ರ ಅಚ್ಚು ಹಾಕಿದರೆ ಮಾತು ಹೆಚ್ಚು ಹೊಳೆಯುತ್ತದೆ ಎಂದು ನಮ್ಮಲ್ಲೊಬ್ಬರು ಸೂಚಿಸಿದ್ದರು. ಒಂದು ಸಂಜೆಯೆಲ್ಲ ಅದರ ಬಗ್ಗೆ ವಾದ ನಡೆಯಿತು. ಕೊನೆಗೆ ಆ ಮಾತು ಇಡಿಯಾಗಿಯೇ ಉಳಿಯಿತು, ಏಕೆಂದರೆ ಅದನ್ನು ನಂಬುವಂತೆ ಮಾಡುವುದೇ ಆ ಮೊದಲರ್ಧ. ಭಯ ಓಡಿಸುವ ಪುಸ್ತಕ ಎಂದು ನಂಬಿ ತಂದ ಇನ್ನೊಬ್ಬ ತಾಯಿಗೆ ನಾವು ಆಮೇಲೆ ಏನು ಉತ್ತರ ಕೊಡುವುದು?

ಮೆಚ್ಚಿ ಬರೆದವರ ಒಪ್ಪಿಗೆ ಪಡೆಯುವುದು ಎರಡನೆಯ ಸಂಗತಿ. ಇದು ಮಕ್ಕಳ ಪುಸ್ತಕಗಳಿಗೆ ಮಾತ್ರ ಸೇರಿದ್ದಲ್ಲ. ಅಮೆರಿಕದ ಕವಿ ವಾಲ್ಟ್ ವಿಟ್ಮನ್ 1855ರಲ್ಲಿ ತಮ್ಮ ಕವನ ಸಂಕಲನವನ್ನು ತಾವೇ ಅಚ್ಚು ಹಾಕಿಸಿ ಒಂದು ಪ್ರತಿಯನ್ನು ಆಗಲೇ ಹೆಸರಾಗಿದ್ದ ಲೇಖಕ ಎಮರ್ಸನ್ ಅವರಿಗೆ ಕಳುಹಿಸಿದರು. ಎಮರ್ಸನ್ ಮನಸಾರೆ ಮೆಚ್ಚಿ ಒಂದು ಖಾಸಗಿ ಪತ್ರ ಬರೆದರು. ಮರುವರ್ಷ ಬಂದ ಎರಡನೆಯ ಆವೃತ್ತಿಯ ಬೆನ್ನಿನ ಮೇಲೆ ಆ ಪತ್ರದ ಒಂದು ಸಾಲು, ಎಮರ್ಸನ್ ಅವರ ಹೆಸರಿನೊಂದಿಗೆ, ಚಿನ್ನದ ಅಕ್ಷರಗಳಲ್ಲಿ ಇತ್ತು. ಅದಕ್ಕೆ ವಿಟ್ಮನ್ ಅನುಮತಿ ಕೇಳಿರಲಿಲ್ಲ. ಪುಸ್ತಕ ದೊಡ್ಡದು, ಮೆಚ್ಚುಗೆಯೂ ನಿಜವಾದದ್ದು. ಆದರೂ ಈ ಪ್ರಸಂಗ ನೆನಪಾದಾಗಲೆಲ್ಲ ನನಗೆ ಮುಜುಗರವಾಗುತ್ತದೆ. ಒಬ್ಬರು ನಮ್ಮ ಕಿವಿಗೆಂದು ಹೇಳಿದ ಮಾತು ಊರಿನ ಕಿವಿಗೆ ಹೋಗಬೇಕಾದರೆ ಹೇಳಿದವರು ಒಪ್ಪಬೇಕು. ಮಾತು ಮಗುವಿನದಾದರೆ ಮಗುವೂ ಒಪ್ಪಬೇಕು, ಮನೆಯವರೂ ಒಪ್ಪಬೇಕು, ಮತ್ತು ಮಗುವಿನ ಹೆಸರು, ಶಾಲೆ, ಚಿತ್ರ ಇವು ಯಾವುವೂ ಅಚ್ಚಾಗಬಾರದು ಎಂಬುದು ನಾವು ಇಟ್ಟುಕೊಂಡಿರುವ ಕಟ್ಟುಪಾಡು.

ಮಕ್ಕಳ ಅಭಿಪ್ರಾಯವನ್ನು ಒಬ್ಬ ಪ್ರಕಾಶಕರು ನಿಜವಾಗಿ ಗೌರವಿಸಿದ ಒಂದು ಪ್ರಸಂಗವನ್ನು ಇಲ್ಲಿ ನೆನೆಯಬೇಕು. 1936ರಲ್ಲಿ ಲಂಡನ್ನಿನ ಸ್ಟ್ಯಾನ್ಲಿ ಅನ್ವಿನ್ ತಮ್ಮ ಬಳಿಗೆ ಬಂದ ಒಂದು ಹಸ್ತಪ್ರತಿಯನ್ನು ಹತ್ತು ವರ್ಷದ ಮಗ ರೇನರ್‌ನ ಕೈಗೆ ಕೊಟ್ಟು ಅಭಿಪ್ರಾಯ ಬರೆಯಲು ಹೇಳಿದರು. ಬರೆದದ್ದಕ್ಕೆ ಒಂದು ಷಿಲಿಂಗ್ ಸಂಭಾವನೆಯನ್ನೂ ಕೊಟ್ಟರು. ಹುಡುಗ ಕಥೆಯನ್ನು ಚುಟುಕಾಗಿ ಹೇಳಿ, ಪುಸ್ತಕ ಚೆನ್ನಾಗಿದೆ, ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆಲ್ಲ ಇಷ್ಟವಾಗುತ್ತದೆ ಎಂದು ಬರೆದ. ಆ ಹಸ್ತಪ್ರತಿಯೇ 1937ರಲ್ಲಿ ಟೋಲ್ಕಿನ್ ಅವರ 'ದಿ ಹಾಬಿಟ್' ಆಗಿ ಪ್ರಕಟವಾಯಿತು. ನನಗೆ ಇದರಲ್ಲಿ ಬಹಳ ಹಿಡಿಸುವುದು ಆ ವಯಸ್ಸಿನ ಲೆಕ್ಕ. ಹತ್ತರ ಹುಡುಗ ತನ್ನನ್ನು ಹೊರಗಿಟ್ಟು, ತನಗಿಂತ ಚಿಕ್ಕವರಿಗೆ ಇದು ಸರಿ ಎಂದ. ನಮಗೆ ಬರುವ ಮಕ್ಕಳ ಪತ್ರಗಳಲ್ಲೂ ಹೀಗೆಯೇ ಇರುತ್ತದೆ: "ನನ್ನ ತಮ್ಮನಿಗೆ ತುಂಬ ಇಷ್ಟವಾಯಿತು", "ಪಕ್ಕದ ಮನೆಯ ಪಾಪುವಿಗೆ ನಾನೇ ಓದಿ ಹೇಳಿದೆ". ತನಗೆ ಇಷ್ಟವಾಯಿತು ಎಂಬುದನ್ನು ಮಗು ಹೇಳುವ ಬಗೆ ಅದು.

ಎಷ್ಟೋ ಮಕ್ಕಳು ಅಷ್ಟನ್ನೂ ಬರೆಯುವುದಿಲ್ಲ. ಅವರ ಮೆಚ್ಚುಗೆಯನ್ನು ಪುಸ್ತಕದ ಮೈಮೇಲೆ ಓದಿಕೊಳ್ಳಬೇಕು. ಒಂದು ಗ್ರಂಥಾಲಯದವರು ನಮ್ಮ ಹಳೆಯ ಪುಸ್ತಕವೊಂದರ ಪ್ರತಿಯನ್ನು, ಬದಲಿಗೆ ಹೊಸದು ಬೇಕೆಂದು ಕೇಳಿ, ನಮಗೆ ಕಳುಹಿಸಿಕೊಟ್ಟರು. ಪುಟಗಳ ಕೆಳಮೂಲೆಗಳು ಸವೆದು ದುಂಡಾಗಿದ್ದವು. ನಡುವಿನ ಎರಡು ಪುಟಗಳು ಕಿತ್ತುಬಂದು, ಯಾರೋ ಅಂಟುಪಟ್ಟಿ ಹಾಕಿ, ಅದೂ ಹಳದಿಯಾಗಿ, ಅದರ ಮೇಲೆ ಮತ್ತೊಂದು ಪಟ್ಟಿ ಹಾಕಿದ್ದರು. ಆ ಪುಸ್ತಕದ ಬಗ್ಗೆ ಯಾವ ಪತ್ರಿಕೆಯಲ್ಲೂ ವಿಮರ್ಶೆ ಬಂದಿರಲಿಲ್ಲ. ಆ ಪ್ರತಿಯನ್ನು ನಾವು ಕಪಾಟಿನ ಮೇಲೆ ಮುಖಪುಟ ಕಾಣುವಂತೆ ನಿಲ್ಲಿಸಿದ್ದೇವೆ, ಬಂದವರಿಗೆಲ್ಲ ತೋರಿಸುತ್ತೇವೆ.

ಬರುವ ಮೆಚ್ಚುಗೆಯ ಬಗ್ಗೆ ನನ್ನದೊಂದು ನೋವಿನ ಮಾತೂ ಇದೆ. ದೊಡ್ಡವರು ಬರೆಯುವಾಗ ಕಥೆಯನ್ನು ಹೊಗಳುತ್ತಾರೆ, ಲೇಖಕರನ್ನು ಹೆಸರಿಸುತ್ತಾರೆ, ಚಿತ್ರ ಬರೆದವರನ್ನು ಮರೆಯುತ್ತಾರೆ. ಹೆಚ್ಚೆಂದರೆ "ಚಿತ್ರಗಳೂ ಸೊಗಸಾಗಿವೆ" ಎಂದು ಮುಗಿಸುತ್ತಾರೆ. ಚಿತ್ರಪುಸ್ತಕಕ್ಕೆ ಸಾಮಾನ್ಯವಾಗಿ 32 ಪುಟ. ದೊಡ್ಡ ಹಾಳೆಯ ಎರಡು ಬದಿಗೂ ಅಚ್ಚು ಮಾಡಿ ಮಡಚುತ್ತಾ ಹೋದರೆ ಪುಟಗಳು ಎಂಟು, ಹದಿನಾರು, ಮೂವತ್ತೆರಡು ಹೀಗೆಯೇ ಬರುವುದರಿಂದ ಆ ಲೆಕ್ಕ. ಹೆಸರಿನ ಪುಟ, ಪ್ರಕಾಶನದ ವಿವರಗಳ ಪುಟ ಕಳೆದು ಉಳಿದ ಹನ್ನೆರಡೋ ಹದಿನಾಲ್ಕೋ ಜೋಡಿ ಪುಟಗಳಲ್ಲಿ ಕಥೆ ಮುಗಿಯಬೇಕು. ಎಲ್ಲಿ ಪುಟ ತಿರುವಿದರೆ ಮಗು ಉಸಿರು ಹಿಡಿಯುತ್ತದೆ, ಯಾವ ಪುಟದಲ್ಲಿ ಮಾತನ್ನು ತೆಗೆದು ಕತ್ತಲೆಯನ್ನಷ್ಟೇ ಬಿಡಬೇಕು ಎಂಬುದನ್ನು ತಿಂಗಳುಗಟ್ಟಲೆ ಯೋಚಿಸಿದವರು ನಮ್ಮ ಸದ್ದಿನ ಪುಸ್ತಕದ ಕಲಾವಿದೆ. ಮಕ್ಕಳು ಇದನ್ನು ಎಂದೂ ಮರೆಯುವುದಿಲ್ಲ. ಅವರ ಪತ್ರಗಳಲ್ಲಿ ಮೊದಲು ಬರುವುದೇ ಚಿತ್ರದ ಮಾತು. ಅದರಿಂದ ಈ ಸಲ, ಮೆಚ್ಚುಗೆಯ ಸಾಲುಗಳನ್ನು ಆರಿಸುವಾಗ, ಪ್ರತಿ ಪುಸ್ತಕಕ್ಕೂ ಚಿತ್ರದ ಬಗ್ಗೆ ಆಡಿದ ಒಂದು ಮಾತಾದರೂ ಇರಲೇಬೇಕು ಎಂದು ನಾನು ಹಟ ಹಿಡಿದೆ.

ಅಕ್ಷರವಿಲ್ಲದ ಪುಸ್ತಕಕ್ಕೆ ಮೊದಲು ಬಂದದ್ದು ದೂರು: ಹಣ ಕೊಟ್ಟು ತಂದ ಪುಸ್ತಕದಲ್ಲಿ ಓದಲು ಏನೂ ಇಲ್ಲವಲ್ಲ ಎಂದು. ಆಮೇಲೆ ಒಬ್ಬ ಅಜ್ಜಿ ಮಗಳ ಕೈಯಲ್ಲಿ ಬರೆಸಿದ ಪತ್ರ ಬಂತು. ಅವರಿಗೆ ಓದು ಬರಹ ಬಾರದು. ಮೊಮ್ಮಗ ಪುಸ್ತಕ ಹಿಡಿದು ಬಂದಾಗಲೆಲ್ಲ ಅಮ್ಮನ ಹತ್ತಿರ ಹೋಗು ಎಂದು ಕಳುಹಿಸುತ್ತಿದ್ದರಂತೆ. ಈ ಪುಸ್ತಕವನ್ನು ಮಾತ್ರ ತಾವೇ ಓದಿ ಹೇಳುವುದಾಗಿಯೂ, ದಿನಕ್ಕೊಂದು ಬಗೆಯಾಗಿ ಹೇಳಿದರೆ ಮೊಮ್ಮಗ "ನಿನ್ನೆ ಹೀಗಿರಲಿಲ್ಲ ಅಜ್ಜಿ" ಎಂದು ಜಗಳವಾಡುವುದಾಗಿಯೂ ಬರೆಸಿದ್ದರು. ಇದನ್ನು ಬೇರೆಯವರಿಗೆ ಹೇಳಬಹುದೇ ಎಂದು ಕೇಳಿ ಬರೆದೆವು. ಹೆಸರು ಬೇಡ, ಮಾತು ಹೇಳಿ ಎಂದು ಉತ್ತರ ಬಂತು. ಆ ಪುಸ್ತಕದ ಬಗ್ಗೆ ನಾವು ಹಂಚಿಕೊಂಡ ಮೆಚ್ಚುಗೆ ಅದೊಂದೇ.

ಚಿಕ್ಕ ಸಂಖ್ಯೆಗಳಿಂದ ಎದೆಗುಂದಬಾರದು ಎಂದು ನಮಗೆ ನಾವೇ ಹೇಳಿಕೊಳ್ಳುವಾಗ ಬಿಯಾಟ್ರಿಕ್ಸ್ ಪಾಟರ್ ನೆನಪಾಗುತ್ತಾರೆ. ಪ್ರಕಾಶಕರು ಒಲ್ಲೆವೆಂದ ತಮ್ಮ ಮೊಲದ ಕಥೆಯನ್ನು ಅವರು 1901ರ ಡಿಸೆಂಬರಿನಲ್ಲಿ ಸ್ವಂತ ಖರ್ಚಿನಿಂದ 250 ಪ್ರತಿ ಅಚ್ಚು ಹಾಕಿಸಿ, ಬಂಧುಗಳಿಗೂ ಸ್ನೇಹಿತರಿಗೂ ಹಂಚಿದರು. ಕೆಲವೇ ವಾರಗಳಲ್ಲಿ ಮತ್ತೆ 200 ಪ್ರತಿಗಳು ಬೇಕಾದವು. ಮರುವರ್ಷದ ಅಕ್ಟೋಬರಿನಲ್ಲಿ ಒಂದು ಪ್ರಕಾಶನ ಸಂಸ್ಥೆ ಅದನ್ನು ಬಣ್ಣದ ಚಿತ್ರಗಳೊಂದಿಗೆ ಹೊರತಂದಿತು. 250 ಎಂಬುದು ನಮಗೆ ಅಪರಿಚಿತ ಸಂಖ್ಯೆಯಲ್ಲ.

ಇನ್ನು ನೆರಳಿನ ಪುಸ್ತಕ. ಅದರ ಬಗ್ಗೆ ಬಂದ ಒಂದು ಪತ್ರವನ್ನು ಎಂಟು ವರ್ಷದ ಹುಡುಗಿಯೊಬ್ಬಳು ಬರೆದಿದ್ದಳು. ತಮ್ಮನಿಗಾಗಿ ತಂದ ಪುಸ್ತಕವನ್ನು ಅವಳೇ ನಾಲ್ಕು ಸಲ ಓದಿದ್ದಳು. ಅಂಗಳದಲ್ಲಿ ಕೋಲು ನೆಟ್ಟು, ಗಂಟೆಗೊಂದು ಗೆರೆ ಎಳೆದು, ಪುಸ್ತಕ ಹೇಳಿದ್ದು ಸರಿ ಎಂದು ನೋಡಿಕೊಂಡಿದ್ದಳು. ಕೊನೆಯಲ್ಲಿ ಒಂದು ಸಾಲು: "ಆದರೆ ಹದಿನಾಲ್ಕನೆಯ ಪುಟದಲ್ಲಿ ಸೂರ್ಯ ಎಡಗಡೆ ಇದ್ದಾನೆ, ಆಡಿನ ನೆರಳೂ ಎಡಗಡೆಗೇ ಬಿದ್ದಿದೆ." ನಾವು ಪುಸ್ತಕ ತೆರೆದು ನೋಡಿದೆವು. ಮೂವರು ತಿದ್ದಿದ ಕರಡು, ಕಲಾವಿದರು ನೋಡಿದ ಕರಡು, ವಿಜ್ಞಾನ ಬಲ್ಲವರೊಬ್ಬರು ನೋಡಿದ ಕರಡು; ಆಡಿನ ನೆರಳು ಎಲ್ಲರ ಕಣ್ಣು ತಪ್ಪಿಸಿಕೊಂಡು ಎಡಗಡೆಗೇ ಬಿದ್ದಿತ್ತು. ಒಂದು ಪುಸ್ತಕವನ್ನು ಇಷ್ಟು ಶ್ರದ್ಧೆಯಿಂದ ಯಾರಾದರೂ ಓದಿದ್ದಾರೆ ಎಂಬುದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಈವರೆಗೆ ಸಿಕ್ಕಿಲ್ಲ.

ಕಲಾವಿದರು ಆ ಪುಟವನ್ನು ಹೊಸದಾಗಿ ಬರೆದುಕೊಟ್ಟರು. ಮರುಮುದ್ರಣದ ಬೆನ್ನುಡಿಯಲ್ಲಿ ಹುಡುಗಿಯ ಪತ್ರದ ಸಾಲುಗಳನ್ನು, ತಪ್ಪು ತೋರಿಸಿದ ಸಾಲನ್ನೂ ಸೇರಿಸಿ, ಹಾಕಬಹುದೇ ಎಂದು ಅವಳನ್ನೂ ಅವಳ ತಾಯಿಯನ್ನೂ ಕೇಳಿದೆವು. ಹೆಸರು ಬರುವುದಿಲ್ಲ, "ಎಂಟು ವರ್ಷದ ಓದುಗಿ" ಎಂದಷ್ಟೇ ಇರುತ್ತದೆ ಎಂದೂ ತಿಳಿಸಿದೆವು. ತಾಯಿ ಒಪ್ಪಿದರು. ಹುಡುಗಿಯೂ ಒಪ್ಪಿದಳು, ಆದರೆ ಒಂದು ತಿದ್ದುಪಡಿ ಬೇಕೆಂದಳು: ಪುಸ್ತಕ ಬರುವ ಹೊತ್ತಿಗೆ ತನಗೆ ಒಂಬತ್ತು ತುಂಬಿರುತ್ತದೆ. ಬೆನ್ನುಡಿಯ ಕರಡು ಈಗ ನನ್ನ ಮೇಜಿನ ಮೇಲಿದೆ, ಅದರಲ್ಲಿ ಎಂಟನ್ನು ಹೊಡೆದು ಒಂಬತ್ತು ಎಂದು ಬರೆದಿದ್ದೇನೆ.

ನಮಸ್ಕಾರ.