ಹಾಲು ಸಾಕು, ಊಟ ಕೊಡಿ

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ನನಗೆ ಕೊಟ್ಟಿರುವ ವಿಷಯ 'ವರ್ಷ ದಾಟಿದ ಮಕ್ಕಳ ಆಹಾರ'. ಅದರಲ್ಲಿ ಹೇಳಬೇಕಾದ್ದು ನೂರೆಂಟಿದೆ. ನಾನು ಒಂದನ್ನೇ ಹಿಡಿಯುತ್ತೇನೆ. ಯಾಕೆಂದರೆ ದವಾಖಾನೆಯಲ್ಲಿ ದಿನಾ ಕೇಳುವ ಪ್ರಶ್ನೆ ಅದು. "ಡಾಕ್ಟ್ರೇ, ಮಗನಿಗೆ ವರ್ಷ ತುಂಬಿತು. ಇನ್ನೂ ನನ್ನ ಹಾಲು ಕುಡಿಯುತ್ತಾನೆ. ಇನ್ನು ಹಸುವಿನ ಹಾಲು ಶುರು ಮಾಡಬೇಕಲ್ವಾ? ಎಷ್ಟು ಕೊಡಲಿ?"

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕುಕ್ಕರ್ ಕೂಗಿದರೆ ನೀವು ಎದ್ದು ಹೋಗುತ್ತೀರಿ, ನನಗೆ ಗೊತ್ತು. ಎದೆಹಾಲು ಕುಡಿಯುತ್ತಿರುವ ಮಗುವಿಗೆ ಹಸುವಿನ ಹಾಲು ಬೇಕೇಬೇಕು ಎಂದೇನೂ ಇಲ್ಲ. ಅದಕ್ಕೆ ಬೇಕಾಗಿರುವುದು ಊಟ.

ಎಮ್ಮೆ ಹಾಲಿಗೂ ಇದೇ ಮಾತು, ಪ್ಯಾಕೆಟ್ ಹಾಲಿಗೂ ಇದೇ ಮಾತು. ನಾವು ಮುಂಬೈಯವರು ಸುಮ್ನೆ ಬಾಯಿಮಾತಿಗೆ ಹಸುವಿನ ಹಾಲು ಅನ್ನುತ್ತೇವೆ. ತಬೇಲಾದ, ಅಂದರೆ ಎಮ್ಮೆ ಕೊಟ್ಟಿಗೆಯ, ಭಯ್ಯಾ ತಂದು ಅಳೆಯುವುದು ಎಮ್ಮೆ ಹಾಲನ್ನೇ. ಗೋರೆಗಾಂವ್‌ನಲ್ಲಿ 1949ರಲ್ಲಿ ಆರೆ ಕಾಲನಿ ಕಟ್ಟಿದ್ದೂ ಊರೊಳಗಿನ ಎಮ್ಮೆಗಳನ್ನು ಹೊರಗೆ ಸಾಗಿಸಿ ಸಾಕಲೆಂದೇ. ಇರಲಿ, ಆ ಕಥೆ ಬೇರೆ.

ಮೊದಲು ತಾಯಂದಿರಿಗೆ ಒಂದು ಮಾತು. ಮಗುವಿನ ಹುಟ್ಟುಹಬ್ಬದ ದಿನ ಕೇಕ್ ಕತ್ತರಿಸಿದ ಕೂಡಲೇ ನಿಮ್ಮ ಹಾಲು ನೀರಾಗುವುದಿಲ್ಲ. "ವರ್ಷ ಆಯ್ತಲ್ಲ, ಇನ್ನು ಅದರಲ್ಲಿ ಸತ್ವ ಎಲ್ಲಿದೆ?" ಎಂದು ಯಾರೋ ಹೇಳುತ್ತಾರೆ. ಹೇಳುವವರು ಅಳೆದು ನೋಡಿಲ್ಲ. ಅಳೆದವರು ಇದ್ದಾರೆ. ಎರಡನೇ ವರ್ಷದಲ್ಲಿ ದಿನಕ್ಕೆ ಸುಮಾರು 450 ಮಿಲಿ ಲೀಟರ್ ಎದೆಹಾಲು ಕುಡಿಯುವ ಮಗುವಿಗೆ ಅದರಿಂದಲೇ ಬೇಕಾದ ವಿಟಮಿನ್ ಎ ಮುಕ್ಕಾಲು ಪಾಲು ಸಿಗುತ್ತದೆ. ಪ್ರೊಟೀನ್ ಶೇಕಡಾ 40ಕ್ಕೂ ಜಾಸ್ತಿ. ಕ್ಯಾಲ್ಸಿಯಂ ಮೂರನೇ ಒಂದು ಪಾಲು. ವಿಶ್ವ ಆರೋಗ್ಯ ಸಂಸ್ಥೆ ಎರಡು ವರ್ಷ ತುಂಬುವವರೆಗೆ, ಆಮೇಲೂ ಇಷ್ಟವಿದ್ದರೆ ಕುಡಿಸಿ ಎನ್ನುವುದು ಇದಕ್ಕೇ. ಹಾಲಿನ ಪಾಲು ನಿಮ್ಮಿಂದಲೇ ಮಗುವಿಗೆ ಸಂದಿದೆ. ಮೇಲೆ ಇನ್ನೊಂದು ಪ್ರಾಣಿಯ ಹಾಲು ಯಾಕೆ? ಉಳಿದದ್ದು ಊಟದಿಂದ ಬರಬೇಕು.

ಈಗ ಒಬ್ಬರು ಅಜ್ಜಿಯ ಕಥೆ ಹೇಳುತ್ತೇನೆ. ಎಲ್ಲಿ ಹೋದರೂ ಹೇಳುತ್ತೇನೆ, ಕೇಳಿದವರು ಕ್ಷಮಿಸಬೇಕು.

ಅವರು ಡೊಂಬಿವಲಿಯಿಂದ ಬಂದಿದ್ದರು. ಮೂಲ ಕಾರ್ಕಳದ ಕಡೆ. ಮಗನದು ಹೋಟೆಲು, ಚೆನ್ನಾಗಿ ನಡೆಯುತ್ತದೆ. ಜೊತೆಗೆ ಸೊಸೆ, ಸೊಸೆಯ ಸೊಂಟದಲ್ಲಿ ಒಂದೂವರೆ ವರ್ಷದ ಮೊಮ್ಮಗ. ಅಜ್ಜಿಯ ಕೈಚೀಲದಲ್ಲಿ ಎರಡು ಬಾಟಲಿ ಹಾಲು. ಬಿಸಿ ಆರಬಾರದೆಂದು ಒಂದಕ್ಕೆ ಟವೆಲ್ ಸುತ್ತಿದ್ದರು. ಮಗು ಗುಂಡುಗುಂಡಾಗಿದ್ದ, ತೂಕ 13 ಕಿಲೋ. ನೋಡಿದವರು ದೃಷ್ಟಿ ತೆಗೆಯಬೇಕು, ಹಾಗೆ. ಆದರೆ ಕೆಳಗಿನ ರೆಪ್ಪೆ ಎಳೆದು ನೋಡಿದರೆ ಒಳಗೆ ಕೆಂಪೇ ಇಲ್ಲ. ಅಂಗೈಯೂ ಬಿಳಿಚಿತ್ತು.

"ಎಂತ ತೊಂದರೆ?" ಎಂದು ಕೇಳಿದೆ.

"ಎಂತದೂ ಇಲ್ಲ ಡಾಕ್ಟ್ರೇ. ಒಂದು ಟಾನಿಕ್ ಬರೆದುಕೊಡಿ. ಹಾಲು ಬಿಟ್ಟು ಬೇರೆ ಎಂತದನ್ನೂ ಮುಟ್ಟುವುದಿಲ್ಲ ಇವ" ಅಂದರು ಅಜ್ಜಿ.

ಸೊಸೆ ಮೆಲ್ಲಗೆ ಹೇಳಿದಳು. ಬೆಳಿಗ್ಗೆ, ರಾತ್ರಿ ತನ್ನ ಹಾಲು ಕುಡಿಯುತ್ತಾನೆ. ಹಗಲೆಲ್ಲ ಬಾಟಲಿ. ಹೋಟೆಲಿಗೆ ಕ್ಯಾನಿನಲ್ಲಿ ಹಾಲು ಬರುತ್ತದಲ್ಲ, ಅದರಲ್ಲಿ ನೀರು ಬೀಳುವ ಮೊದಲೇ ಮೊಮ್ಮಗನ ಪಾಲು ಒಂದು ಲೀಟರ್ ತೆಗೆದಿಡಬೇಕೆಂದು ಮನೆಯಲ್ಲಿ ಆರ್ಡರ್ ಆಗಿತ್ತು. ಗಟ್ಟಿ ಎಮ್ಮೆ ಹಾಲು, ಎರಡು ಚಮಚ ಸಕ್ಕರೆ. ಮಗುವಿಗೆ ಮಲ ಕಟ್ಟಿಕೊಂಡು ವಾರವಿಡೀ ಅಳು. ಇನ್ನೂ ಒಂದು ವಿಷಯ ಇತ್ತು. ಸೊಸೆ ಅತ್ತೆಯ ಮುಖ ನೋಡಿಕೊಂಡು ಹೇಳಿದಳು: "ಗೋಡೆ ನೆಕ್ಕುತ್ತಾನೆ. ಬಾಲ್ಕನಿಯ ಸುಣ್ಣ ಕೆರೆದು ತಿನ್ನುತ್ತಾನೆ."

ಅಜ್ಜಿಗೆ ಇದರ ಕಾರಣ ಗೊತ್ತಿತ್ತು! ಮೈಯಲ್ಲಿ ಸುಣ್ಣ ಕಡಿಮೆಯಾಗಿದೆ, ಅದಕ್ಕೇ ಗೋಡೆ ನೆಕ್ಕುವುದು. ಸುಣ್ಣ ಅಂದರೆ ಕ್ಯಾಲ್ಸಿಯಂ, ಕ್ಯಾಲ್ಸಿಯಂ ಅಂದರೆ ಹಾಲು. ಹಾಗಾಗಿ ಇನ್ನೊಂದು ಬಾಟಲಿ ಜಾಸ್ತಿ ಮಾಡಿದ್ದರು. ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಮಗು ಗೋಡೆ ನೆಕ್ಕುತ್ತಿದ್ದದ್ದು ಸುಣ್ಣಕ್ಕಾಗಿ ಅಲ್ಲ. ರಕ್ತದಲ್ಲಿ ಕಬ್ಬಿಣಾಂಶ ಇಳಿದಾಗ ಮಕ್ಕಳು ಮಣ್ಣು, ಸುಣ್ಣ, ಕಾಗದ ತಿನ್ನುತ್ತಾರೆ. ರಕ್ತ ಪರೀಕ್ಷೆ ಮಾಡಿಸಿದೆವು. 11ರ ಆಸುಪಾಸು ಇರಬೇಕಾದ ಹಿಮೋಗ್ಲೋಬಿನ್ 7ಕ್ಕೆ ಬಂದಿತ್ತು.

ಆಗ ಅಜ್ಜಿಗೆ ಒಂದು ಪ್ರಶ್ನೆ ಕೇಳಿದೆ. "ಅಮ್ಮಾ, ನಿಮ್ಮ ಗಂಡುಮಕ್ಕಳನ್ನು ಊರಲ್ಲಿ ಹೇಗೆ ಸಾಕಿದಿರಿ? ದಿನಕ್ಕೆ ಎಷ್ಟು ಹಾಲು ಕೊಟ್ಟಿರಿ?"

ಅಜ್ಜಿ ನಕ್ಕುಬಿಟ್ಟರು. "ನಮಗೆ ಎಲ್ಲಿಯ ಹಾಲು ಡಾಕ್ಟ್ರೇ! ಇದ್ದದ್ದು ಒಂದು ಸಣ್ಣ ದನ. ಕೊಡುತ್ತಿದ್ದದ್ದು ಎರಡು ಕುಡ್ತೆ, ಅಂದರೆ ಎರಡು ಸಣ್ಣ ಅಳತೆ. ಅದು ಪೇಟೆಯ ಹೋಟೆಲಿಗೆ ಹೋಗುತ್ತಿತ್ತು. ಅದರ ದುಡ್ಡಿನಲ್ಲಿ ಅಕ್ಕಿ, ಉಪ್ಪು, ಮೆಣಸು."

"ಮತ್ತೆ ಮಕ್ಕಳಿಗೆ?"

"ನನ್ನ ಹಾಲು ಇತ್ತಲ್ಲ. ಮತ್ತೆ ರಾಗಿ ಮಣ್ಣಿ, ನೀವು ಸರಿ ಅನ್ನುತ್ತೀರಲ್ಲ, ಅದು. ಹೆಸರುಕಾಳಿನ ಗಂಜಿ. ಅಂಗಳದ ಹರಿವೆ ಸೊಪ್ಪು. ಬೂತಾಯಿ ಮೀನು ಸಿಕ್ಕಿದ ದಿನ ಮುಳ್ಳು ತೆಗೆದು ಅನ್ನಕ್ಕೆ ಹಿಚುಕಿ ಹಾಕುವುದು."

"ಮಕ್ಕಳು ಹೇಗೆ ಬೆಳೆದರು?"

ಅಜ್ಜಿ ಹೊರಗಿನ ಬೆಂಚಿನ ಕಡೆ ನೋಡಿದರು. ಆರಡಿ ಎತ್ತರದ ಮಗ ಅಲ್ಲಿ ಕೂತು ಫೋನಿನಲ್ಲಿ ತರಕಾರಿಯವನಿಗೆ ಬೈಯುತ್ತಿದ್ದ. ಅಜ್ಜಿ ಮತ್ತೆ ಮಾತಾಡಲಿಲ್ಲ.

ಕೈಗೆ ದುಡ್ಡು ಬಂದಾಗ ನಮ್ಮವರು ಮೊದಲು ಮಾಡುವ ಕೆಲಸ ಇದು. ಊರಲ್ಲಿ ಮಾರಬೇಕಾಗಿ ಬಂದ ಹಾಲನ್ನು ಇಲ್ಲಿ ಮೊಮ್ಮಕ್ಕಳಿಗೆ ಲೀಟರ್‌ಗಟ್ಟಲೆ ಕುಡಿಸುವುದು. ಪ್ರೀತಿ ಅರ್ಥವಾಗುತ್ತದೆ. ಆದರೆ ಲೆಕ್ಕ ಕೇಳಿ. ಒಂದು ಲೀಟರ್ ಎಮ್ಮೆ ಹಾಲು ಅಂದರೆ ಸುಮಾರು 1000 ಕ್ಯಾಲರಿ. ಒಂದರಿಂದ ಮೂರು ವರ್ಷದ ಮಗುವಿಗೆ ಇಡೀ ದಿನಕ್ಕೆ ಬೇಕಾಗುವುದೇ ಹೆಚ್ಚುಕಡಿಮೆ ಅಷ್ಟು. ಚರ್ಚ್‌ಗೇಟ್‌ನಲ್ಲೇ ತುಂಬಿದ ವಿರಾರ್ ಲೋಕಲ್ ಟ್ರೈನ್‌ಗೆ ದಾದರ್‌ನಲ್ಲಿ ಹತ್ತಲು ಆಗುತ್ತದಾ? ಹಾಗೇ, ಹಾಲು ಮೊದಲೇ ಸೀಟು ಹಿಡಿದ ಹೊಟ್ಟೆಗೆ ಅನ್ನ, ಬೇಳೆ, ಸೊಪ್ಪು ಹತ್ತುವುದಿಲ್ಲ. "ಮಗು ಊಟ ಮಾಡಲ್ಲ, ಅದಕ್ಕೇ ಹಾಲು ಕೊಡ್ತೀವಿ" ಅನ್ನುತ್ತೀರಿ. ಇಲ್ಲ. ಹಾಲು ಕೊಡುತ್ತೀರಿ, ಅದಕ್ಕೇ ಊಟ ಮಾಡುವುದಿಲ್ಲ.

ಮತ್ತೆ ಕಬ್ಬಿಣ. ಒಂದು ಲೀಟರ್ ಹಸುವಿನ ಹಾಲಿನಲ್ಲಿ ಇರುವುದು ಸುಮಾರು ಅರ್ಧ ಮಿಲಿಗ್ರಾಂ. ಈ ವಯಸ್ಸಿನ ಮಗುವಿಗೆ ದಿನಕ್ಕೆ ಬೇಕಾದದ್ದು 8 ಮಿಲಿಗ್ರಾಂ. ಸಾಲದ್ದಕ್ಕೆ, ಊಟದ ಜೊತೆ ಕುಡಿದ ಹಾಲಿನ ಕ್ಯಾಲ್ಸಿಯಂ ಊಟದಲ್ಲಿದ್ದ ಕಬ್ಬಿಣವನ್ನೂ ಸರಿಯಾಗಿ ಮೈಗೆ ಹತ್ತಲು ಬಿಡುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 67 ಮಂದಿಗೆ ರಕ್ತಹೀನತೆ. ಎದೆಹಾಲಿನಲ್ಲೂ ಕಬ್ಬಿಣ ಕಡಿಮೆಯೇ. ಹಾಗಾಗಿಯೇ ಹೇಳುತ್ತಿದ್ದೇನೆ, ಮಗುವಿಗೆ ಇನ್ನೊಂದು ಹಾಲು ಬೇಡ, ಊಟ ಬೇಕು.

ಅಜ್ಜಿಯ ಮೊಮ್ಮಗನಿಗೆ ಏನಾಯಿತು ಅಂತೀರಾ? ಬಾಟಲಿ ನಿಲ್ಲಿಸಿದೆವು. ತಾಯಿಯ ಹಾಲು ಹಾಗೇ ಇರಲಿ ಅಂದೆ. ಕಬ್ಬಿಣದ ಸಿರಪ್ ಕೊಟ್ಟೆವು. ಎರಡು ಮೂರು ದಿನ ಮನೆ ತಲೆಕೆಳಗಾಯಿತಂತೆ, ಅಷ್ಟು ಅಳು. ಆಮೇಲೆ ಹಸಿವಾಯಿತು. ಅಜ್ಜಿ ಹರಿವೆ ಸೊಪ್ಪು ಬೇಯಿಸಿ ಅನ್ನಕ್ಕೆ ಹಿಚುಕಿ ಇಟ್ಟರು, ತಿಂದ. ಮೀನಿನ ಖಾರ ತೊಳೆದು ಕೊಟ್ಟರು, ತಿಂದ. ಕೆಲವು ತಿಂಗಳಲ್ಲಿ ಹಿಮೋಗ್ಲೋಬಿನ್ 11 ದಾಟಿತು. ಈಗ ಅವರ ಸಂಘದ ಮಹಿಳಾ ವಿಭಾಗದಲ್ಲಿ ಹಾಲಿನ ವಿರುದ್ಧ ನನಗಿಂತ ಜೋರಾಗಿ ಮಾತಾಡುವವರು ಅವರೇ. ಕೆಲವೊಮ್ಮೆ ನಾನೇ ಸ್ವಲ್ಪ ತಡೆಯಬೇಕಾಗುತ್ತದೆ.

ನೋಡಿ, ನನಗೆ ಕೊಟ್ಟ ಸಮಯದಲ್ಲಿ ಅರ್ಧಕ್ಕಿಂತ ಜಾಸ್ತಿ ಅಜ್ಜಿಯೇ ತೆಗೆದುಕೊಂಡರು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಕ್ಯಾಲ್ಸಿಯಂ ಎಲ್ಲಿಂದ? ರಾಗಿಯಿಂದ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಇದೆ, ಅಷ್ಟೇ ಹಾಲಿನಲ್ಲಿ 120. ಇಲ್ಲಿಯ ಅಂಗಡಿಯಲ್ಲಿ ನಾಚ್ಣಿ ಎಂದು ಕೇಳಿದರೆ ಕೊಡುತ್ತಾರೆ. ಎಳ್ಳು, ಹರಿವೆ, ನುಗ್ಗೆಸೊಪ್ಪು ಇವೆ. ಮೊಸರನ್ನ ಕೊಡಿ, ರಾಗಿ ಮಣ್ಣಿಯಲ್ಲಿ ಎರಡು ಚಮಚ ಹಾಲು ಬೆರೆಸಿ, ನನ್ನದೇನೂ ತಕರಾರಿಲ್ಲ. ಹಾಲು ಊಟದೊಳಗೆ ಇರಲಿ. ಊಟದ ಜಾಗದಲ್ಲಿ ಕೂರಬಾರದು. ಕಬ್ಬಿಣಕ್ಕೆ ಸೊಪ್ಪು, ಕಾಳು, ಮೊಟ್ಟೆ, ಮೀನು, ಮಾಂಸ, ನಿಮ್ಮ ಮನೆಯಲ್ಲಿ ಏನು ನಡೆಯುತ್ತದೋ ಅದು. ಬೇಳೆ ಸೊಪ್ಪಿನ ಮೇಲೆ ನಾಲ್ಕು ಹನಿ ನಿಂಬೆಹುಳಿ ಹಿಂಡಿದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ.

ಶುದ್ಧ ಸಸ್ಯಾಹಾರಿ ಮನೆಯವರು ಕೇಳಬಹುದು, ಪ್ರಾಣಿಮೂಲದ ಆಹಾರದಲ್ಲೇ ಸಿಗುವ ವಿಟಮಿನ್ ಬಿ12 ಹೇಗೆ ಎಂದು. ತಾಯಿಯ ಮೈಯಲ್ಲಿ ಇದ್ದರೆ ಎದೆಹಾಲಿನಲ್ಲಿ ಇರುತ್ತದೆ. ಮಗುವಿಗೆಂದು ತಂದ ಆ ಲೋಟ ಹಾಲನ್ನು ತಾಯಿಗೆ ಕೊಡಿ. ಮೊಸರು, ಮಜ್ಜಿಗೆ ಕೊಡಿ. ಅವಳಿಗೆ ಯಾರೂ ಕೊಡುವುದಿಲ್ಲ, ಅದೇ ನನ್ನ ಸಿಟ್ಟು.

ಎರಡನೇ ವರ್ಷದಲ್ಲಿ ಮಗು ಸ್ವಲ್ಪವೇ ತಿನ್ನುತ್ತದೆ ಎಂದು ಗಾಬರಿ ಬೇಡ. ಮೊದಲ ವರ್ಷ ತೂಕ ಮೂರು ಪಟ್ಟು ಆಗುತ್ತದೆ. ಎರಡನೇ ವರ್ಷ ಏರುವುದು ಎರಡು ಎರಡೂವರೆ ಕಿಲೋ ಅಷ್ಟೇ. ಹಸಿವೂ ಅದಕ್ಕೆ ತಕ್ಕಷ್ಟೇ.

ಡಬ್ಬಿಯ ಹಾಲಿನ ಪುಡಿ ಬೇಡ. ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿಗೆ ಜಾಹೀರಾತು ಮಾಡುವಂತಿಲ್ಲ ಎಂದು ನಮ್ಮಲ್ಲಿ ಕಾನೂನೇ ಇದೆ. 1992ರಲ್ಲಿ ಬಂತು, 2003ರಲ್ಲಿ ಇನ್ನೂ ಬಿಗಿಯಾಯಿತು. ಸುಮ್ನೆ ಮಾಡಿದ್ದಲ್ಲ.

ಎದೆಹಾಲು ಬಿಟ್ಟಿರುವ ಮಗುವಾದರೆ ಮಾತು ಬೇರೆ. ಅದಕ್ಕೆ ಕಾಯಿಸಿದ ಹಾಲು ದಿನಕ್ಕೆ ಎರಡು ಸಣ್ಣ ಲೋಟ ಕೊಡಿ, ಸಕ್ಕರೆ ಹಾಕದೆ. ಲೋಟದಲ್ಲೇ, ಬಾಟಲಿಯಲ್ಲಿ ಅಲ್ಲ. ರಾತ್ರಿ ಬಾಟಲಿ ಬಾಯಲ್ಲಿಟ್ಟುಕೊಂಡು ಮಲಗುವ ಮಕ್ಕಳ ಮುಂದಿನ ಹಲ್ಲುಗಳು ಹುಳುಕಾಗಿ ಕಪ್ಪಾಗುವುದನ್ನು ನೀವೇ ನೋಡಿರುತ್ತೀರಿ. ಇನ್ನು ವರ್ಷ ತುಂಬದ ಮಗುವಿಗಂತೂ ಹಸುವಿನದಾಗಲಿ ಎಮ್ಮೆಯದಾಗಲಿ, ಕುಡಿಯಲು ಹಾಲು ಬೇಡವೇ ಬೇಡ.

ಒಂದು ಉಳಿಯಿತು, ಚಹಾ. ಸಂಜೆ ದೊಡ್ಡವರು ಕುಡಿಯುವಾಗ ಬಿಸ್ಕತ್ತು ಅದ್ದಿ ಮಗುವಿನ ಬಾಯಿಗೂ ಇಡುತ್ತೀರಲ್ಲ, ಅದು. ಚಹಾ ಕೂಡ ಕಬ್ಬಿಣವನ್ನು ತಡೆಯುತ್ತದೆ. ಅದನ್ನು ಇವತ್ತು ಸಂಜೆಯಿಂದಲೇ ನಿಲ್ಲಿಸಿ.

ನಮಸ್ಕಾರ.