ನರಕ್ಕೆ ಬಿಟ್ಟ ಎಣ್ಣೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಮೈಸೂರಿನ ಒಂದು ಆಸ್ಪತ್ರೆಯ ಐಸಿಯುನಲ್ಲಿ ಬಹಳ ವರ್ಷ ಸಿಸ್ಟರ್ ಆಗಿದ್ದವಳು. ಒಂದು ದಿನ ಬೆಳಿಗ್ಗೆ ಮದ್ದೂರು ಕಡೆಯ ಯಜಮಾನರೊಬ್ಬರಿಗೆ ಬೆಳ್ಳಗಿನ ಬಾಟಲಿಯೊಂದನ್ನು ನೇತುಹಾಕುತ್ತಿದ್ದೆ. ಅವರ ಮನೆಯಾಕೆ ಹತ್ತಿರ ಬಂದು ನೋಡಿ, "ಇದೇನವ್ವಾ, ನರಕ್ಕೆ ಹಾಲು ಬುಡ್ತಿದ್ದೀಯಲ್ಲ?" ಅಂದರು.

"ಹಾಲಲ್ಲ ಅಮ್ಮ, ಎಣ್ಣೆ" ಅಂದೆ. ಅವರಿಗೆ ಇನ್ನೂ ಗಾಬರಿಯಾಯಿತು.

ಅವರು ಗಾಬರಿಯಾದದ್ದರಲ್ಲಿ ತಪ್ಪೇನಿಲ್ಲ. ಸಾರಿನ ಮೇಲೆ ಎಣ್ಣೆ ತೇಲುವುದನ್ನು ದಿನಾ ನೋಡುತ್ತೇವೆ, ಅಲ್ವಾ? ಅದೇ ಎಣ್ಣೆಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆದು, ಮೊಟ್ಟೆಯ ಹಳದಿಯಿಂದ ತೆಗೆದ ಅಂಶ ಸೇರಿಸಿದರೆ ಹನಿಗಳು ಮತ್ತೆ ಒಂದಾಗುವುದಿಲ್ಲ. ಹಾಲಿನ ಬಣ್ಣ ಬರುತ್ತದೆ. ಮೊದಲು ಅಮೆರಿಕದಲ್ಲಿ ಹತ್ತಿಬೀಜದ ಎಣ್ಣೆಯಲ್ಲಿ ಇದನ್ನು ಮಾಡಿದ್ದರು. ರೋಗಿಗಳಿಗೆ ಜ್ವರ, ಕಾಮಾಲೆ ಬಂದು ಅದನ್ನು ಕೈಬಿಡಬೇಕಾಯಿತು. 1960ರ ದಶಕದ ಆರಂಭದಲ್ಲಿ ಸ್ವೀಡನ್ನಿನ ವಿಜ್ಞಾನಿ ಆರ್ವಿಡ್ ರೆಟ್ಲಿಂಡ್ ಸೋಯಾ ಎಣ್ಣೆ ಹಿಡಿದು ಗೆದ್ದರು. ನಾನು ನೇತುಹಾಕುತ್ತಿದ್ದದ್ದೂ ಸೋಯಾ ಎಣ್ಣೆಯದೇ.

ಯಜಮಾನರ ಕರುಳಿಗೆ ರಕ್ತ ಹೋಗುವ ನಾಳ ಕಟ್ಟಿಕೊಂಡಿತ್ತು. ಸಣ್ಣ ಕರುಳಿನ ದೊಡ್ಡ ಭಾಗವನ್ನೇ ತೆಗೆಯಬೇಕಾಯಿತು. ತಿಂದದ್ದು ಮೈಗೆ ಹತ್ತುವ ಹಾಗಿರಲಿಲ್ಲ. "ಸುಮ್ನೆ ಎರಡು ಬಾಟ್ಲಿ ಗ್ಲೂಕೋಸ್ ಹಾಕಿ, ಶಕ್ತಿ ಬರುತ್ತೆ" ಅಂತ ನಮ್ಮ ಜನ ಹೇಳುತ್ತಾರೆ. ಆ ಅರ್ಧ ಲೀಟರ್ ಬಾಟಲಿಯಲ್ಲಿ ಸಾಮಾನ್ಯವಾಗಿ ಇರುವುದು 25 ಗ್ರಾಂ ಸಕ್ಕರೆ. ನೂರು ಕ್ಯಾಲೊರಿಯೂ ಇಲ್ಲ. ಒಂದು ರಾಗಿಮುದ್ದೆಯ ಅರ್ಧಕ್ಕೂ ಅದು ಬರುವುದಿಲ್ಲ. ಹಾಗಾಗಿ ಇಂಥವರಿಗೆ ಕುತ್ತಿಗೆಯ ದೊಡ್ಡ ನರದಲ್ಲಿ ಗಟ್ಟಿ ಸಕ್ಕರೆ ದ್ರಾವಣ, ಪ್ರೋಟೀನಿನ ಅಂಶ, ಲವಣ, ವಿಟಮಿನ್, ಕೊಬ್ಬು ಎಲ್ಲವನ್ನೂ ಕೊಡಬೇಕು.

ಮೂರನೇ ವಾರ ಅವರ ಕಣ್ಣು ಹಳದಿಯಾಯಿತು.

ಬಾಮೈದ ಬಂದವರೇ, "ಎಣ್ಣೆ ಬಿಟ್ಟಿದ್ದಕ್ಕೇ ಕಾಮಾಲೆ. ಅದನ್ನ ನಿಲ್ಲಿಸಿ ಸಕ್ಕರೆ ಜಾಸ್ತಿ ಮಾಡಿ. ಊರಲ್ಲಾದರೆ ಕಬ್ಬಿನ ಹಾಲು ಕುಡಿಸ್ತಿದ್ವಿ" ಅಂದರು. ಅವರ ಮಾತು ಅರ್ಧ ಸರಿ. ಎಣ್ಣೆಯ ಪಾಲು ಇತ್ತು. ಆದರೆ ಎಣ್ಣೆಯನ್ನು ಪೂರ್ತಿ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಚರ್ಮ ಒಣಗಿ ಹೊಟ್ಟು ಏಳುತ್ತದೆ, ಗಾಯ ಮಾಯುವುದಿಲ್ಲ. ಮೈಗೆ ಬೇಕೇಬೇಕಾದ ಕೆಲವು ಕೊಬ್ಬನ್ನು ನಮ್ಮ ದೇಹ ತಾನೇ ಮಾಡಿಕೊಳ್ಳಲಾರದು. ಇನ್ನು ಸಕ್ಕರೆ ಜಾಸ್ತಿಯಾದರೆ? ಖರ್ಚಾಗದೆ ಉಳಿದ ಸಕ್ಕರೆಯನ್ನು ಲಿವರ್ ಕೊಬ್ಬು ಮಾಡಿ ತನ್ನೊಳಗೇ ಇಟ್ಟುಕೊಳ್ಳುತ್ತದೆ. ನಿಜ ಹೇಳಬೇಕೆಂದರೆ, ನಾವೂ ಅವರಿಗೆ ಸ್ವಲ್ಪ ಹೆಚ್ಚಾಗಿಯೇ ಸಕ್ಕರೆ ಕೊಡುತ್ತಿದ್ದೆವು.

ಮನೆಗಳಲ್ಲೂ ಇದೇ ಕಥೆ. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಅಂತ ಬಂದ ಮಾರನೇ ದಿನ ಒಗ್ಗರಣೆ ಬಂದ್. ಟೀಗೆ ಹಾಕುವ ಮೂರು ಚಮಚ ಸಕ್ಕರೆ ಮಾತ್ರ ಹಾಗೇ! ಎಣ್ಣೆಯಲ್ಲೂ ಒಂದೊಂದರ ಗುಣ ಒಂದೊಂದು. ಸ್ವೀಡನ್ನಿನ ಅಪ್ಸಾಲಾದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೆಳ್ಳಗಿನ ಯುವಕ ಯುವತಿಯರಿಗೆ 7 ವಾರ ದಿನಾ ಕೇಕ್ ತಿನ್ನಿಸಿದರು. ಅರ್ಧ ಜನಕ್ಕೆ ತಾಳೆ ಎಣ್ಣೆಯದು, ಉಳಿದವರಿಗೆ ಸೂರ್ಯಕಾಂತಿ ಎಣ್ಣೆಯದು. ತೂಕ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ಸಮ ಏರಿತು. ಲಿವರ್‌ನಲ್ಲಿ ಕೊಬ್ಬು ಎದ್ದು ಕಾಣುವಷ್ಟು ಏರಿದ್ದು ತಾಳೆ ಎಣ್ಣೆಯವರಿಗೆ.

ಅಡುಗೆಮನೆಯಲ್ಲಿ ಸೋಯಾ ಎಣ್ಣೆಯ ಮೇಲೆ ಅಂಥ ದೂರೇನಿಲ್ಲ. ಹಾಗಾದರೆ ನರದಲ್ಲಿ ಏಕೆ ತೊಂದರೆ? ಗಿಡದ ಎಣ್ಣೆಗಳಲ್ಲಿ ಸ್ಟೆರಾಲ್ ಅನ್ನುವ ವಸ್ತುಗಳಿವೆ. ಬಾಯಿಂದ ಹೋದರೆ ಕರುಳು ಕಾವಲುಗಾರನ ಹಾಗೆ ನಿಂತು ಅವುಗಳಲ್ಲಿ ಬಹುಪಾಲನ್ನು ಒಳಗೆ ಬಿಡುವುದೇ ಇಲ್ಲ. ನರಕ್ಕೆ ಬಿಟ್ಟರೆ ತಡೆಯುವವರು ಯಾರು? ಸೀದಾ ರಕ್ತಕ್ಕೆ ಸೇರುತ್ತವೆ. ಲಿವರ್ ಪಿತ್ತರಸವನ್ನು ಹೊರಗೆ ತಳ್ಳುವ ಕೆಲಸಕ್ಕೆ ಅಡ್ಡ ಬರುತ್ತವೆ. ಹೊರಹೋಗದ ಪಿತ್ತದ ಹಳದಿಯೇ ಕಣ್ಣಲ್ಲಿ ಕಾಣುವುದು.

ಇನ್ನೊಂದು ಕಾರಣ ನಮ್ಮ ನಾಲೆ ಕಂಡವರಿಗೆ ಬೇಗ ಹೊಳೆಯುತ್ತದೆ. ತೂಬು ತೆಗೆಯದೆ ನೀರು ನಿಂತರೆ ಹೂಳು ಕೂರುತ್ತದಲ್ಲ? ನಾವು ಉಣ್ಣುವಾಗ ಕರುಳಿನಿಂದ ಸೂಚನೆ ಹೋಗಿ ಪಿತ್ತಕೋಶ ಹಿಂಡಿಕೊಳ್ಳುತ್ತದೆ. ಬಾಯಿಗೆ ಏನೂ ಹೋಗದಿದ್ದರೆ ಪಿತ್ತರಸ ಅಲ್ಲೇ ನಿಂತು ಗಟ್ಟಿಯಾಗುತ್ತದೆ. ಯಜಮಾನರ ಸ್ಕ್ಯಾನಿಂಗ್‌ನಲ್ಲಿ ಕಂಡದ್ದೂ ಹೂಳೇ.

ಡಾಕ್ಟರು ಸಕ್ಕರೆ ಇಳಿಸಿದರು. ಸೋಯಾ ಒಂದರ ಬದಲು ಸೋಯಾ, ತೆಂಗಿನಲ್ಲಿರುವಂಥ ಹಗುರ ಕೊಬ್ಬು, ಆಲಿವ್, ಮೀನೆಣ್ಣೆ ನಾಲ್ಕೂ ಸೇರಿದ ಬಾಟಲಿ ತರಿಸಿದರು. ಮಕ್ಕಳಿಗೆ ಹೀಗೆ ಕಾಮಾಲೆ ಬಂದರೆ ಬರೀ ಮೀನೆಣ್ಣೆಯದೇ ಒಂದು ಬಾಟಲಿ ಇದೆ. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯವರು ವರ್ಷಗಟ್ಟಲೆ ದುಡಿದ ಮೇಲೆ ಅಮೆರಿಕ ಅದಕ್ಕೆ 2018ರಲ್ಲಿ ಒಪ್ಪಿಗೆ ಕೊಟ್ಟಿತು. ನಮ್ಮ ಯಜಮಾನರಿಗೆ ದಿನದ 24 ಗಂಟೆ ಓಡುತ್ತಿದ್ದ ಡ್ರಿಪ್ಸನ್ನು ರಾತ್ರಿಗೆ ಮಾತ್ರ ಇಟ್ಟರು. ಹಗಲು ಲಿವರ್‌ಗೂ ಬಿಡುವು.

ಆಮೇಲೆ ನನ್ನ ಕೆಲಸ. ದಿನಕ್ಕೆ ನಾಲ್ಕು ಸಲ, ಎರಡೆರಡು ಚಮಚ ತಿಳಿಗಂಜಿ. ಹೊಟ್ಟೆ ತುಂಬಿಸಲು ಅಲ್ಲ, ತೂಬು ತೆಗೆಯಲು. ಮನೆಯಾಕೆ ತಾವೇ ಕುಡಿಸುತ್ತೇನೆ ಅಂತ ಹಠ ಹಿಡಿದು ಚಮಚ ಇಸಿದುಕೊಂಡರು. ತಿಂಗಳ ಮೇಲಾಗಿತ್ತು ಯಜಮಾನರು ಬಾಯಿ ರುಚಿ ಕಂಡು. ಕಣ್ಣು ಮುಚ್ಚಿ ನುಂಗಿದರು. ನಾವಿಬ್ಬರೂ ಮುಖವನ್ನೇ ನೋಡುತ್ತಿದ್ದೆವು.

"ಉಪ್ಪು ಕಮ್ಮಿ" ಅಂದರು.